ಒಂದು ಪಾರ್ಕಿಗೆ ನಲವತ್ತೊಂದು ಅನುಮಾನ

ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸವೊಂದು ಈ ಲೋಕದಲ್ಲಿದೆ, ಅದು ಹುಡುಕಿಕೊಂಡು ಬಂದು ನನಗೇ ಸಿಕ್ಕಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಸಾಫ್ಟ್‌ವೇರ್ ಪರೀಕ್ಷಕ. ಇನ್ನೊಬ್ಬರು ಕಷ್ಟಪಟ್ಟು ಬರೆದ ಪ್ರೋಗ್ರಾಮಿನ ಎದುರು ಕುಳಿತು, ಬಳಸುವವನು ಹೆಸರಿನ ಜಾಗದಲ್ಲಿ ಹುಟ್ಟಿದ ತಾರೀಖು ಬರೆದುಬಿಟ್ಟರೆ, ಎರಡು ಬಟನ್ ಒಟ್ಟಿಗೇ ಒತ್ತಿದರೆ, ಒತ್ತುವ ಹೊತ್ತಿಗೇ ಕರೆಂಟು ಹೋದರೆ ಎಂದು ಒಂದೊಂದೇ ಕೆಡುಕನ್ನು ಊಹಿಸಿ ಪಟ್ಟಿ ಮಾಡುವುದು ನನ್ನ ಉದ್ಯೋಗ. ಬೇರೆ ಗಂಡಸರು ಚಿಂತೆಯನ್ನು ಮನೆಯಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತಾರಂತೆ. ನಾನು ಆಫೀಸಿನಲ್ಲಿ ದಿನವಿಡೀ ಚಿಂತಿಸಿ, ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ತರುತ್ತೇನೆ ಎಂದು ನನ್ನ ಹೆಂಡತಿ ವೀಣಾ ಬಂದವರೆದುರು ಹೇಳುತ್ತಿರುತ್ತಾಳೆ. ಬಂದವರು ನಗುತ್ತಾರೆ. ಅವರು ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಿರುವ ಜಾಗದಲ್ಲಿ ಯಾರಾದರೂ ಎಡವಿ ಬೀಳಬಹುದೆಂದು ನಾನು ಆಗಲೇ ಗಮನಿಸಿರುತ್ತೇನೆ.

ಇದು ಉದ್ಯೋಗದಿಂದ ಬಂದ ಕಾಯಿಲೆಯಲ್ಲ, ಕಾಯಿಲೆಯಿಂದ ಬಂದ ಉದ್ಯೋಗ. ಮದುವೆಯಾದ ಹೊಸತರಲ್ಲಿ ವೀಣಾಳನ್ನು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಜೈಂಟ್ ವ್ಹೀಲ್ ಹತ್ತುವ ಆಸೆ. ನಾನು ಅದನ್ನು ತಿರುಗಿಸುವವನ ಬಳಿ ಹೋಗಿ, ಬೋಲ್ಟುಗಳನ್ನು ಕೊನೆಯ ಸಲ ಬಿಗಿ ಮಾಡಿದ್ದು ಯಾವಾಗ, ಮಾಡಿದವರು ಯಾರು, ಅವರಿಗೆ ಅಂದು ಮೈ ಹುಷಾರಿತ್ತೇ ಎಂದೆಲ್ಲ ವಿಚಾರಿಸತೊಡಗಿದೆ. ಅವನು ತಾಳ್ಮೆಯಿಂದಲೇ ಕೇಳಿಸಿಕೊಂಡು, 'ಸಾರ್, ನೀವು ಹತ್ತಬೇಡಿ, ಪರವಾಗಿಲ್ಲ. ಆದ್ರೆ ಸ್ವಲ್ಪ ಆ ಕಡೆ ಹೋಗಿ ಮಾತಾಡಿ, ಹತ್ತಿರೋರೂ ಇಳಿದುಬಿಡ್ತಾರೆ' ಎಂದ. ಆ ಸಂಜೆ ನಾವು ಚುರುಮುರಿ ತಿಂದು ಮನೆಗೆ ಬಂದೆವು. ವೀಣಾ ಜೈಂಟ್ ವ್ಹೀಲನ್ನು ಇವತ್ತಿಗೂ ಹತ್ತಿಲ್ಲ, ಮರೆತೂ ಇಲ್ಲ.

ಇಂಥವನನ್ನು ಕಂಪನಿಯವರು ಜಪಾನಿಗೆ ಕಳಿಸಿದ್ದು ಹೆಣ್ಣುಮಗಳನ್ನು ತವರಿಗೆ ಕಳಿಸಿದಂತಾಯಿತು. ಇಲ್ಲಿ ಇಡೀ ದೇಶವೇ ನನ್ನ ಪರವಾಗಿ ಚಿಂತಿಸುತ್ತದೆ. ಎಸ್ಕಲೇಟರು ಕಾಲು ಜೋಪಾನ ಎನ್ನುತ್ತದೆ, ಬಚ್ಚಲಿನ ತೊಟ್ಟಿ ನೀರು ತುಂಬಿತು ಎಂದು ಹಾಡಿ ಹೇಳುತ್ತದೆ, ಶಾಲೆಯಲ್ಲಿ ಪ್ರತಿ ಮಗುವಿನ ಕುರ್ಚಿಗೂ ಭೂಕಂಪವಾದರೆ ತಲೆಗೆ ಹಾಕಿಕೊಳ್ಳುವ ಮೆತ್ತನೆಯ ಟೋಪಿ ಕಟ್ಟಿರುತ್ತಾರೆ. ಊರಿನಲ್ಲಿ ಜನ ನಕ್ಕು ತಳ್ಳಿಹಾಕುತ್ತಿದ್ದ ನನ್ನ ಅನುಮಾನಗಳನ್ನೆಲ್ಲ ಇಲ್ಲಿ ಅಂದವಾಗಿ ಮುದ್ರಿಸಿ ಗೋಡೆಗೆ ಅಂಟಿಸಿದ್ದಾರೆ. ಓಜಿಮಾ ಎಂಬ ಬಡಾವಣೆಯ ಈ ಹದಿನಾಲ್ಕು ಅಂತಸ್ತಿನ ಕಟ್ಟಡಕ್ಕೆ ಬಂದು ಎಂಟು ವರ್ಷವಾಯಿತು. ಕೊನೆಗೂ ನನ್ನ ಜನ ಸಿಕ್ಕರು ಎಂದೇ ತಿಳಿದಿದ್ದೆ. ಆ ತಿಳಿವಳಿಕೆಯೇ ಮುಂದಿನ ಅನಾಹುತಕ್ಕೆ ಕಾರಣ.

ನಮಗೊಬ್ಬಳು ಮಗಳು, ಇಂಚರ. ವಯಸ್ಸು ಹತ್ತು. ಹುಟ್ಟಿನಿಂದಲೇ ಅವಳ ಕಾಲುಗಳಿಗೆ ಶಕ್ತಿ ಕಡಿಮೆ, ಓಡಾಡುವುದೆಲ್ಲ ಗಾಲಿಕುರ್ಚಿಯಲ್ಲಿ. ನಾಲಿಗೆಗೆ ಮಾತ್ರ ದೇವರು ಎರಡು ಪಾಲು ಶಕ್ತಿ ಕೊಟ್ಟಿದ್ದಾನೆ. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ವಾದಿಸಿ ಜಪಾನಿಯಲ್ಲಿ ಗೊಣಗುತ್ತಾಳೆ. ನಮ್ಮ ಕಟ್ಟಡಗಳ ನಡುವೆ ಒಂದು ಹಳೆಯ ಪಾರ್ಕಿದೆ. ಅಲ್ಲೊಂದು ಸಿಮೆಂಟಿನ ಗುಡ್ಡ, ಅದರ ಮೇಲಿಂದ ಜಾರುಬಂಡಿ, ಎರಡು ಉಯ್ಯಾಲೆ, ಸುತ್ತ ಮರಳು. ಮರಳಿನಲ್ಲಿ ಗಾಲಿ ಹೂತುಹೋಗುತ್ತದೆ. ಹಾಗಾಗಿ ಇಂಚರ ಅಂಚಿನ ಸಿಮೆಂಟು ಕಟ್ಟೆಯ ಬಳಿಯೇ ನಿಲ್ಲಬೇಕು. ಮಕ್ಕಳು ಒಳ್ಳೆಯವರು, ಅವಳನ್ನು ಬಿಟ್ಟು ಆಡುವುದಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಅವಳಿಗೆ ಎಣಿಸುವ ಕೆಲಸ ಕೊಟ್ಟಿದ್ದಾರೆ. ಮೂರು ವರ್ಷದಿಂದ ಅವಳೇ ಕಣ್ಣು ಮುಚ್ಚಿ ಎಣಿಸುತ್ತಾಳೆ, ಬೇರೆ ಯಾರೋ ಹೋಗಿ ಹುಡುಕುತ್ತಾರೆ. ಒಂದು ದಿನ ಊಟ ಮಾಡುತ್ತಾ, 'ಅಪ್ಪ, ಎಣಿಸೋದ್ರಲ್ಲಿ ನಾನು ಎಕ್ಸ್‌ಪರ್ಟ್. ಬಚ್ಚಿಟ್ಕೊಳ್ಳೋದು ಹೇಗಿರುತ್ತೆ ಅಂತ ಮಾತ್ರ ಗೊತ್ತಿಲ್ಲ' ಎಂದಳು. ದುಃಖದಿಂದಲ್ಲ, ಸಾರು ಇನ್ನೂ ಸ್ವಲ್ಪ ಹಾಕು ಎನ್ನುವ ಧಾಟಿಯಲ್ಲಿ. ನನಗೆ ಅನ್ನ ಗಂಟಲಲ್ಲಿ ನಿಂತಿತು. ಅನ್ನ ಗಂಟಲಲ್ಲಿ ನಿಂತರೆ ಏನು ಮಾಡಬೇಕೆಂದೂ ಆ ಕ್ಷಣದಲ್ಲೇ ಯೋಚಿಸಿದೆ.

ಅದಾದ ಕೆಲವೇ ತಿಂಗಳಿಗೆ, ಆ ಪಾರ್ಕನ್ನು ಎಲ್ಲ ಮಕ್ಕಳೂ, ಕಾಲಿಲ್ಲದವರೂ ಕಣ್ಣಿಲ್ಲದವರೂ ಮಾತು ಬಾರದವರೂ, ಅವರ ಜೊತೆ ಅಜ್ಜ ಅಜ್ಜಿಯರೂ ಆಡುವಂತೆ ಹೊಸದಾಗಿ ಕಟ್ಟುವ ಯೋಜನೆ ಬಂತು. ನಿವಾಸಿಗಳ ಸಂಘದ ಅಧ್ಯಕ್ಷೆ ನಕಾತಾ ಸಾನ್, ಸಾನ್ ಎಂದರೆ ನಮ್ಮಲ್ಲಿಯ 'ಅವರು' ಇದ್ದಂತೆ, ನಿವೃತ್ತ ಶಾಲಾ ಶಿಕ್ಷಕಿ. ಅವರು ಒಂದು ಭಾನುವಾರ ಸಭೆ ಕರೆದರು. ವಾರ್ಡ್ ಕಚೇರಿಯಿಂದ ಮಿಯಾಕೆ ಸಾನ್ ಎಂಬ ಎಳೆಯ ಅಧಿಕಾರಿ ನಕ್ಷೆ ತಂದಿದ್ದರು. ಮರಳಿನ ಬದಲು ಮೆತ್ತನೆಯ ರಬ್ಬರಿನ ನೆಲ, ಗುಡ್ಡಕ್ಕೆ ಗಾಲಿಕುರ್ಚಿ ಹತ್ತುವ ಇಳಿಜಾರು, ಬೆನ್ನಿಗೆ ಆಸರೆಯಿರುವ ಉಯ್ಯಾಲೆ, ಗಾಲಿಕುರ್ಚಿ ಸಲೀಸಾಗಿ ನುಗ್ಗುವಷ್ಟು ಅಗಲದ ಒಂದು ಸುರಂಗ. ಸುರಂಗ ಕಂಡೊಡನೆ ನಾನು ಮೇಜಿನ ಕೆಳಗೆ ವೀಣಾಳ ಕೈ ಹಿಡಿದೆ. ಅವಳೂ ಹಿಡಿದಳು. ಯಾರಿಗಾದರೂ ಏನಾದರೂ ಅಭಿಪ್ರಾಯವಿದ್ದರೆ ಎರಡು ವಾರದೊಳಗೆ ಬರೆದು ಕೊಡಬಹುದು ಎಂದು ನಕಾತಾ ಸಾನ್ ಹೇಳಿದರು. ಮೂವತ್ತು ಜನರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ತಲೆಬಾಗಿ, ಕುರ್ಚಿ ಮಡಚಿಟ್ಟು ಹೋದರು.

ಇದರಿಂದ ನನಗೆ ಬಹಳ ಬೇಸರವಾಯಿತು. ಬೆಂಗಳೂರಿನಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಸಭೆಗಳನ್ನು ನಾನು ಕಂಡವನು. ಅಲ್ಲಿ ನೀರಿನ ಟ್ಯಾಂಕಿಗೆ ಮುಚ್ಚಳ ಹಾಕಿಸುವ ವಿಷಯಕ್ಕೆ ಮೂರು ಗಂಟೆ ಕಿತ್ತಾಡುತ್ತಾರೆ. ಯಾರು ಅತಿ ಹೆಚ್ಚು ತಕರಾರು ತೆಗೆಯುತ್ತಾರೋ ಅವರಿಗೇ ಅತಿ ಹೆಚ್ಚು ಕಾಳಜಿ ಎಂದು ಲೆಕ್ಕ. ಕೊನೆಗೆ ಅವರನ್ನೇ ಕಾರ್ಯದರ್ಶಿ ಮಾಡಿ ಸೇಡು ತೀರಿಸಿಕೊಳ್ಳುತ್ತಾರೆ. ಇಲ್ಲಿ ನೋಡಿದರೆ ಇಷ್ಟು ದೊಡ್ಡ ಕೆಲಸಕ್ಕೆ ಒಬ್ಬರದೂ ಒಂದು ಪ್ರಶ್ನೆಯಿಲ್ಲ. ನನ್ನ ಮಗಳಿಗಾಗಿ ಇವರು ಸುರಂಗ ಕಟ್ಟುತ್ತಿದ್ದಾರೆ, ನಾನು ಕೈಕಟ್ಟಿ ಕೂತರೆ ಹೇಗೆ ಎನ್ನಿಸಿತು. ನನಗೆ ಕೊಡಲು ಬರುವುದಾದರೂ ಏನು? ಗುದ್ದಲಿ ಹಿಡಿಯಲಾರೆ, ಮರ ನೆಡಲಾರೆ. ಅನುಮಾನ ಪಡಬಲ್ಲೆ. ಅದನ್ನೇ ಕೊಡೋಣವೆಂದು ತೀರ್ಮಾನಿಸಿದೆ.

ವೀಣಾ ಬೇಡವೆಂದಳು. 'ರೀ, ಸುಮ್ನೆ ಸೀಲು ಒತ್ತಿ ಪಕ್ಕದ ಮನೆಗೆ ಕೊಟ್ಟುಬಿಡಿ' ಎಂದಳು. ಇಲ್ಲಿ ಸಂಘದ ಸುದ್ದಿಯೆಲ್ಲ ಒಂದು ಫೈಲಿನಲ್ಲಿ ಮನೆಯಿಂದ ಮನೆಗೆ ತಿರುಗುತ್ತದೆ. ಓದಿದವರು ತಮ್ಮ ಹೆಸರಿನ ಸೀಲು ಒತ್ತಿ ಮುಂದಿನ ಮನೆಗೆ ದಾಟಿಸಬೇಕು. ನಾನು ಸೀಲು ಒತ್ತಿದೆ, ಜೊತೆಗೆ ನನ್ನ ಪಟ್ಟಿಯನ್ನೂ ಸೇರಿಸಿದೆ. ಆಫೀಸಿನಲ್ಲಿ ದೋಷಗಳನ್ನು ಬರೆಯುವ ನಮೂನೆಯಲ್ಲೇ ಬರೆದಿದ್ದೆ: ಕ್ರಮಸಂಖ್ಯೆ, ವಿವರ, ತೀವ್ರತೆ. ನನ್ನ ಜಪಾನಿ ಭಾಷೆ ಕೊಂಬಿನಿ ಎನ್ನುವ ಬೀದಿಮೂಲೆಯ ಅಂಗಡಿಯಲ್ಲಿ ಒಂದು ಬಾಟಲಿ ಹಾಲು ಕೊಳ್ಳುವಾಗಲೂ ತಡವರಿಸುತ್ತದೆ, ಆದರೆ ತಪ್ಪು ಹುಡುಕುವ ವಾಕ್ಯಗಳು ಮಾತ್ರ ಆಫೀಸಿನ ಎಂಟು ವರ್ಷದ ಅಭ್ಯಾಸದಿಂದ ನೀರು ಕುಡಿದಂತೆ ಬರುತ್ತವೆ. ಬೇಸಿಗೆಯಲ್ಲಿ ರಬ್ಬರು ನೆಲ ಕಾದರೆ? ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ? ಹೂಗಿಡಗಳಿಗೆ ಜೇನ್ನೊಣ ಬಂದರೆ? ಸುರಂಗದೊಳಗೆ ಎರಡು ಗಾಲಿಕುರ್ಚಿ ಎದುರುಬದುರಾದರೆ ಯಾರು ಹಿಂದೆ ಸರಿಯಬೇಕು? ಕಾಗೆ ಮಗುವಿನ ಕೈಯಿಂದ ಬ್ರೆಡ್ಡು ಕಿತ್ತುಕೊಂಡರೆ? ಉಯ್ಯಾಲೆ ಆಡುತ್ತಿರುವವರಿಗೆ ಭೂಕಂಪವಾದದ್ದು ಗೊತ್ತಾಗುವುದು ಹೇಗೆ? ಹೀಗೆ ನಲವತ್ತೊಂದು. ಅವುಗಳಲ್ಲಿ ಹತ್ತೊಂಬತ್ತಕ್ಕೆ ತೀವ್ರತೆ 'ಅಧಿಕ' ಎಂದು ಕೆಂಪು ಬಣ್ಣ ಕೊಟ್ಟೆ. ಪ್ರಿಂಟು ತೆಗೆದು ದೂರ ಹಿಡಿದು ನೋಡಿದಾಗ, ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು.

ಮುಂದಿನ ವಾರ ಲಿಫ್ಟಿನಲ್ಲಿ ಜನ ನನಗೆ ಎಂದಿಗಿಂತ ಹೆಚ್ಚು ತಲೆ ಬಾಗಿಸತೊಡಗಿದರು. ಬಾಗಿದವರು ಮತ್ತೆ ಮಾತಾಡದೆ ಅಂತಸ್ತಿನ ಸಂಖ್ಯೆಗಳನ್ನು ನೋಡುತ್ತಿದ್ದರು. ಗೌರವ ಹೆಚ್ಚಾದಾಗ ಮಾತು ಕಡಿಮೆಯಾಗುವುದು ಸಹಜವೆಂದು ನಾನೂ ಗಂಭೀರವಾಗಿ ಸಂಖ್ಯೆ ನೋಡಿದೆ. ಮೊಮ್ಮಗನನ್ನು ಪಾರ್ಕಿಗೆ ಕರೆತರುತ್ತಿದ್ದ ಮೂರನೆಯ ಮಹಡಿಯ ಅಜ್ಜಿ ನನ್ನನ್ನು ಕಂಡು ಲಿಫ್ಟಿಗೆ ಬರದೆ ಮೆಟ್ಟಿಲು ಹತ್ತಿ ಹೋದರು. ಆರೋಗ್ಯದ ಮೇಲೆ ಎಷ್ಟು ಕಾಳಜಿ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಬಾಗಿಲ ಬೆಲ್ಲಾಯಿತು. ಎದುರು ಕಟ್ಟಡದ ಕುರೋದಾ ಸಾನ್ ಕೋಟು ಧರಿಸಿ, ಕೈಯಲ್ಲಿ ಸಿಹಿ ತಿಂಡಿಯ ಪೆಟ್ಟಿಗೆ ಹಿಡಿದು ನಿಂತಿದ್ದರು. ಎಂಬತ್ತರ ಹತ್ತಿರದ ಮನುಷ್ಯ, ನನ್ನೊಂದಿಗೆ ಅಂದಿನವರೆಗೆ ಹವಾಮಾನ ಬಿಟ್ಟು ಬೇರೇನೂ ಮಾತಾಡಿದವರಲ್ಲ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಚಾಚಿ, ತಮಗೆ ಎಷ್ಟು ಸಮಾಧಾನವಾಗಿದೆ ಎಂಬುದನ್ನು ಹೇಳತೊಡಗಿದರು. ಹೊಸ ಪಾರ್ಕು ಬಂದರೆ ಗದ್ದಲ ವಿಪರೀತವಾಗುತ್ತದೆ ಎಂದು ಯೋಜನೆಯ ಸುದ್ದಿ ಬಂದಾಗಿನಿಂದ ತಾವೊಬ್ಬರೇ ಹೋರಾಡುತ್ತಿದ್ದರಂತೆ. ಯಾರೂ ಜೊತೆಗಿರಲಿಲ್ಲವಂತೆ. ತಮ್ಮ ಬಳಿ ಇದ್ದದ್ದು ಒಂದೇ ಕಾರಣ, ಅದಕ್ಕೆ ವಾರ್ಡ್ ಕಚೇರಿ ಆಗಲೇ ಉತ್ತರ ಕೊಟ್ಟು ಮುಗಿಸಿದೆ, ಮೂರ್ತಿ ಸಾನ್, ನೀವು ನಲವತ್ತೊಂದು ಕೊಟ್ಟಿದ್ದೀರಿ, ಇನ್ನು ಈ ಯೋಜನೆ ಏಳುವುದಿಲ್ಲ ಎಂದು ಸೊಂಟದವರೆಗೆ ಬಾಗಿದರು. ಅವರು ಬಾಗಿದ್ದಾರೆಂದು ನಾನೂ ಬಾಗಿದೆ. ನಾನು ಬಾಗಿದ್ದೇನೆಂದು ಅವರು ಇನ್ನೂ ಬಾಗಿದರು. ಕೊನೆಗೆ ಪೆಟ್ಟಿಗೆಯನ್ನು ನಾನೂ ಎರಡೂ ಕೈಯಲ್ಲೇ ತೆಗೆದುಕೊಂಡೆ.

ಬಾಗಿಲು ಹಾಕಿ ತಿರುಗಿದರೆ ಇಂಚರ ಹಿಂದೆಯೇ ಇದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈಯಲ್ಲಿ ನನ್ನ ಪಟ್ಟಿಯ ಪ್ರತಿ ಇತ್ತು. ನಾನು ತಿಣುಕಿ ಓದುವ ಅಕ್ಷರಗಳನ್ನು ಅವಳು ಕಣ್ಣಾಡಿಸಿ ಮುಗಿಸುತ್ತಾಳೆ.

'ಅಪ್ಪ, ಪಾರ್ಕ್ ಬೇಡ ಅಂತ ಬರೆದಿದೀಯಾ?'

'ಬೇಡ ಅಂತ ಎಲ್ಲಿ ಬರೆದಿದೀನಿ ಪುಟ್ಟಿ? ಹುಷಾರು ಅಂತ ಬರೆದಿದೀನಿ.'

'ಸೇಮ್ ಥಿಂಗ್' ಎಂದಳು. ಕುರ್ಚಿ ತಿರುಗಿಸಿಕೊಂಡು ತನ್ನ ಕೋಣೆಗೆ ಹೋದಳು. ಜಪಾನಿಯಲ್ಲಿ ಗೊಣಗಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ವೀಣಾ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಒಮ್ಮೆ ನನ್ನನ್ನೂ ಒಮ್ಮೆ ಅದನ್ನೂ ನೋಡಿದಳು. ಎಂಟು ವರ್ಷದಿಂದ ನಾನು ಕಾಣದೆ ಹೋದದ್ದು ಅವಳಿಗೆ ಎಂದೋ ಗೊತ್ತಿತ್ತು. ಈ ಊರಿನಲ್ಲಿ ಯಾರೂ ಯಾವುದನ್ನೂ ಬೇಡ ಎನ್ನುವುದಿಲ್ಲ, ಸ್ವಲ್ಪ ಚಿಂತೆಯಾಗಿದೆ ಎನ್ನುತ್ತಾರೆ. ಒಬ್ಬರು ಒಂದು ಚಿಂತೆಯನ್ನು ಬರೆದು ಕೊಟ್ಟರೆ ಸಾಕು, ಉಳಿದವರು ಅದು ಬಗೆಹರಿಯುವ ತನಕ ಹೆಜ್ಜೆ ಮುಂದಿಡುವುದಿಲ್ಲ. ನಾನು ನಲವತ್ತೊಂದು ಬರೆದಿದ್ದೆ, ಹತ್ತೊಂಬತ್ತು ಕೆಂಪು.

ಅಂದೇ ನಕಾತಾ ಸಾನ್ ಮನೆಗೆ ಓಡಿದೆ. ಸುಮಿಮಾಸೆನ್, ತಪ್ಪಾಯಿತು ಕ್ಷಮಿಸಿ, ಎನ್ನುತ್ತಲೇ ಒಳಗೆ ಹೋದೆ, ಮಾತು ಮುಗಿಯುವ ತನಕವೂ ಅದನ್ನೇ ಹೇಳಿದೆ. ಅವರು ಚಹಾ ಕೊಟ್ಟು ನಿಧಾನವಾಗಿ ವಿವರಿಸಿದರು. ತಿಂಗಳ ಕೊನೆಯ ಸಭೆಯೊಳಗೆ ಎಲ್ಲ ಅನುಮಾನಗಳೂ ಬಗೆಹರಿದಿರಬೇಕು. ವಾರ್ಡ್ ಕಚೇರಿ ವರ್ಷಕ್ಕೊಂದೇ ಪಾರ್ಕು ಕಟ್ಟುವುದು, ಒಂದು ಉಳಿದರೂ ಈ ವರ್ಷದ ಸರದಿ ಕಾಲುವೆಯಾಚೆಗಿನ ಪಾರ್ಕಿಗೆ ಹೋಗುತ್ತದೆ, ನಮ್ಮ ಸರದಿ ಮತ್ತೆ ಯಾವಾಗಲೋ. ಅಷ್ಟರಲ್ಲಿ ಇಂಚರಾಳಿಗೆ ಕಣ್ಣಾಮುಚ್ಚಾಲೆಯ ವಯಸ್ಸೇ ದಾಟಿರುತ್ತದೆ. ಹಾಗಿದ್ದರೆ ಪಟ್ಟಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ನಕಾತಾ ಸಾನ್ ತಲೆಯಾಡಿಸಿದರು. ವಾಪಸು ತೆಗೆದುಕೊಂಡ ಚಿಂತೆ ಮನೆಗೆ ಹೋಗಿ ಕೂತಿರುತ್ತದೆ, ತೀರುವುದಿಲ್ಲ, ನೀವು ಪ್ರಾಮಾಣಿಕವಾಗಿ ಬರೆದಿದ್ದೀರಿ, ನಾವೂ ಪ್ರಾಮಾಣಿಕವಾಗಿ ಉತ್ತರಿಸುತ್ತೇವೆ ಎಂದರು. ಮಗ್ಗಿ ತಪ್ಪಿದ ಹುಡುಗನನ್ನು ಬಿಡುವಿನ ವೇಳೆಯಲ್ಲಿ ಕೂರಿಸಿ ಕಲಿಸುತ್ತಿದ್ದವರ ದನಿ ಅದು.

ಹೀಗಾಗಿ ಎರಡು ಶನಿವಾರ ಮಧ್ಯಾಹ್ನ ಸಂಘದ ಕೋಣೆಯಲ್ಲಿ ನನ್ನ ಅನುಮಾನಗಳ ವಿಚಾರಣೆ ನಡೆಯಿತು. ಮಿಯಾಕೆ ಸಾನ್ ಒಂದೊಂದಕ್ಕೂ ಒಂದು ಪುಟದ ಉತ್ತರ ಬರೆದು ತಂದಿದ್ದರು. ಕಾಗೆಗೂ ಒಂದು ಪುಟ. ಅವರು ಪ್ರಶ್ನೆ ಓದಬೇಕು, ಉತ್ತರ ಓದಬೇಕು, ನನಗೆ ತೃಪ್ತಿಯಾದರೆ ನಾನು ಸೀಲು ಒತ್ತಬೇಕು. ಒತ್ತಿಬಿಡುವುದು ಸುಲಭವೆಂದು ನೀವು ಭಾವಿಸಬಹುದು. ಆದರೆ ಉತ್ತರ ಸಿಕ್ಕೊಡನೆ ಅದರಲ್ಲೊಂದು ಬಿರುಕು ಕಾಣುವುದು ನನ್ನ ಕಣ್ಣಿನ ದೋಷ. ರಬ್ಬರು ನೆಲ ಕಾಯದಂತೆ ಮೇಲೆ ನೆರಳಿನ ಚಪ್ಪರ ಬರುತ್ತದೆ ಎಂದು ಅವರು ಓದಿದರೆ, ಚಪ್ಪರ ಬಿರುಗಾಳಿಗೆ ಹಾರಿದರೆ ಎಂಬ ಮಾತು ನಾಲಿಗೆಯ ತುದಿಗೇ ಬಂದು ಕೂತಿತು. ಬಾಯಿ ತೆರೆದಿದ್ದೆ ಕೂಡ. ಪಕ್ಕದಲ್ಲಿದ್ದ ವೀಣಾಳ ಮೊಣಕೈ ನನ್ನ ಪಕ್ಕೆಗೆ ಬಿತ್ತು. ಅಲ್ಲಿಂದ ಮುಂದೆ ಪ್ರತಿ ಉತ್ತರಕ್ಕೂ ಮೊದಲು ಮೊಣಕೈ, ಆಮೇಲೆ ಸೀಲು. ಮೊದಲ ಶನಿವಾರ ಇಪ್ಪತ್ತಾರು ಮುಗಿಯುವ ಹೊತ್ತಿಗೆ ನನ್ನ ಎಡ ಪಕ್ಕೆ ನೀಲಿಗಟ್ಟಿತ್ತು. ಮುರಿದಿದ್ದರೆ ಎಂದು ರಾತ್ರಿ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಎರಡನೆಯ ಶನಿವಾರ ಇಂಚರಾಳೂ ಬಂದಿದ್ದಳು. ನನ್ನೊಡನೆ ಸರಿಯಾಗಿ ಮಾತಾಡಿ ಹದಿಮೂರು ದಿನವಾಗಿತ್ತು. ಮೂಲೆಯಲ್ಲಿ ಹೋಮ್‌ವರ್ಕ್ ಮಾಡುವಂತೆ ನಟಿಸುತ್ತಾ ನಾನು ಒತ್ತುವ ಸೀಲುಗಳನ್ನು ಎಣಿಸುತ್ತಿದ್ದಳು. ನಲವತ್ತು ದಾಟಿತು. ಉಳಿದದ್ದು ಕೊನೆಯದು. ಇಳಿಯುವಾಗ ಅಥವಾ ಏರುವಾಗ ಬಳಕೆದಾರರು ಬಿದ್ದರೆ ಎಂದು ಬರೆದಿದ್ದೆ. ಬಳಕೆದಾರರು ಎಂಬುದು ನಮ್ಮ ವೃತ್ತಿಯ ಭಾಷೆ. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದ ಬಳಕೆದಾರರಿಗೆ ಎರಡು ಜಡೆಯಿತ್ತು. ಅದಕ್ಕೆ ಮಿಯಾಕೆ ಸಾನ್ ಪುಟ ಬರೆದಿರಲಿಲ್ಲ. ಎರಡೇ ಸಾಲು. ಅವರು ಅದನ್ನು ಓದಿದರು: ಬೀಳಬಹುದು. ಆದ್ದರಿಂದಲೇ ನೆಲವನ್ನು ಮೆತ್ತಗೆ ಮಾಡಲಾಗಿದೆ.

ನಾನು ಸೀಲು ಹಿಡಿದು ಕುಳಿತೆ. ವೀಣಾಳ ಮೊಣಕೈಗಾಗಿ ಕಾದೆ, ಅದು ಬರಲಿಲ್ಲ. ತಿರುಗಿ ನೋಡಿದರೆ ಅವಳೂ ಆ ಎರಡು ಸಾಲನ್ನೇ ನೋಡುತ್ತಿದ್ದಳು. ಬೀಳುವುದಿಲ್ಲ ಎಂದು ಸುಳ್ಳಾದರೂ ಬರೆಯಬಾರದಿತ್ತೇ? ಹುಟ್ಟಿದಂದಿನಿಂದ ಈ ಮಗುವನ್ನು ಬೀಳಲು ಬಿಟ್ಟವನಲ್ಲ ನಾನು. ಯಾರೂ ನನ್ನನ್ನು ಅವಸರಪಡಿಸಲಿಲ್ಲ. ಇನ್ನೂ ಒಂದು ವರ್ಷ ಕೂತಿದ್ದರೂ ಅವಸರಪಡಿಸುತ್ತಿರಲಿಲ್ಲ, ಅದೇ ಈ ಜನರ ಕಷ್ಟ.

ಮಿಯಾಕೆ ಸಾನ್ ತಂದಿದ್ದ ನೆಲದ ಮಾದರಿ ತುಂಡೊಂದು, ಚಿಕ್ಕ ಚಾಪೆಯಷ್ಟು ಅಗಲದ್ದು, ಗೋಡೆಯ ಬಳಿ ಹಾಸಿತ್ತು. ಇಂಚರ ಪುಸ್ತಕ ಮುಚ್ಚಿ ಅದರತ್ತ ಕುರ್ಚಿ ತಳ್ಳಿಕೊಂಡು ಹೋದಳು. ಬ್ರೇಕು ಹಾಕಿದಳು. ಕೈಗಳ ಮೇಲೆ ಭಾರ ಬಿಟ್ಟು ಮುಂದಕ್ಕೆ ಜಾರಿ, ತಡೆದುಕೊಳ್ಳದೆ ದೊಪ್ಪನೆ ಬಿದ್ದಳು. ನಾನು ಎದ್ದೆ. ನಕಾತಾ ಸಾನ್ ಅಂಗೈ ಎತ್ತಿದರು, ನಲವತ್ತು ವರ್ಷ ತರಗತಿಗಳನ್ನು ಕೂರಿಸಿದ ಅಂಗೈ, ನಾನು ಕೂತೆ. ಇಂಚರ ಎದ್ದು ಕುಳಿತು, ಯೋಚಿಸಿ, ಎಡಕ್ಕೆ ಬಿದ್ದಳು. ಮತ್ತೆ ಎದ್ದು ಬಲಕ್ಕೆ ಬಿದ್ದಳು. ಜಡೆ ಬಿಚ್ಚಿ ಮುಖದ ಮೇಲೆ ಬಂದಿತ್ತು. ಮಲಗಿದಲ್ಲಿಂದಲೇ ಹೇಳಿದಳು:

'ಅಪ್ಪ, ಬಿದ್ದೆ. ಮುಗೀತು. ಸೀಲು ಒತ್ತು.'

ಒತ್ತಿದೆ. ತಲೆಕೆಳಗಾಗಿ ಒತ್ತಿದೆ. ತಲೆಕೆಳಗಾದ ಸೀಲು ಕಾನೂನಿನ ಪ್ರಕಾರ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಮಿಯಾಕೆ ಸಾನ್ ಮೊದಲ ಬಾರಿಗೆ ನಕ್ಕರು.

ಪಾರ್ಕು ಈ ವಸಂತದಲ್ಲಿ ತೆರೆಯಿತು. ಕುರೋದಾ ಸಾನ್ ಈಗ ನನ್ನನ್ನು ಕಂಡರೆ ಹವಾಮಾನವನ್ನೂ ಮಾತಾಡುವುದಿಲ್ಲ. ಅವರ ಪೆಟ್ಟಿಗೆಗೆ ಬದಲಾಗಿ ನಾನು ಮೈಸೂರುಪಾಕು ಒಯ್ದು ಕೊಟ್ಟದ್ದು ಕ್ಷಮೆಯೆಂದು ಅರ್ಥವಾಯಿತೋ ಗೆದ್ದವನ ಸಿಹಿಯೆಂದು ಅರ್ಥವಾಯಿತೋ ತಿಳಿಯದೆ ಎರಡು ವಾರ ಸರಿಯಾಗಿ ನಿದ್ದೆ ಮಾಡಿಲ್ಲ. ಅವರು ಹೇಳಿದ್ದು ನಿಜವೇ, ಗದ್ದಲ ವಿಪರೀತ. ಅದರಲ್ಲಿ ಅರ್ಧ ನನ್ನ ಮಗಳದು.

ಮೊದಲ ದಿನ ಇಂಚರ ಕಣ್ಣಾಮುಚ್ಚಾಲೆಯಲ್ಲಿ ಬಚ್ಚಿಟ್ಟುಕೊಂಡಳು. ಹತ್ತು ಎಣಿಸುವುದರೊಳಗೆ ಸಿಕ್ಕಳು. ಎರಡನೆಯ ಸಲವೂ ಸಿಕ್ಕಳು, ಮೂರನೆಯ ಸಲ ಹುಡುಕುವ ಹುಡುಗಿ ಅತ್ತಿತ್ತ ನೋಡದೆ ನೇರ ಸುರಂಗಕ್ಕೇ ಹೋದಳು. ಇಂಚರ ಸಿಟ್ಟಿನಿಂದ ಕುರ್ಚಿ ಓಡಿಸಿಕೊಂಡು ನನ್ನ ಬೆಂಚಿನ ಬಳಿ ಬಂದಳು. 'ಅಪ್ಪ, ನಾನು ಎಲ್ಲಿದೀನಿ ಅಂತ ಅವರು ಹುಡುಕ್ತಾನೇ ಇಲ್ಲ. ನೀನು ಎಲ್ಲಿ ನೋಡ್ತಿದೀಯ ಅಂತ ನೋಡ್ತಾರೆ. ಅಲ್ಲಿಗೆ ಬರ್ತಾರೆ.' ಮಕ್ಕಳು ಹೌದೆಂದು ತಲೆಯಾಡಿಸಿದರು. ನನ್ನ ಕಣ್ಣು ಅಷ್ಟು ಖಚಿತವಾಗಿ ದಾರಿ ತೋರಿಸುತ್ತದಂತೆ.

ಆದ್ದರಿಂದ ಈಗ ಶನಿವಾರ ಸಂಜೆ ನಾನು ಪಾರ್ಕಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂರಬೇಕು. ಅವಳು ಕರೆಯುವ ತನಕ ತೆರೆಯುವಂತಿಲ್ಲ, ಮಾತು ಕೊಟ್ಟಿದ್ದೇನೆ. ನಿನ್ನೆಯೂ ಹಾಗೆಯೇ ಕೂತಿದ್ದೆ. ಒಬ್ಬೊಬ್ಬರೇ ಸಿಕ್ಕಿಬಿದ್ದ ಕೂಗು ಕೇಳಿತು, ಅವಳದು ಕೇಳಲಿಲ್ಲ. ಹುಡುಕುವವರ ಹೆಜ್ಜೆ ಹತ್ತಿರ ಬಂದು, ನನ್ನ ಮುಖವನ್ನು ಪರೀಕ್ಷಿಸಿ, ನಿರಾಶೆಯಿಂದ ಹಿಂದಿರುಗಿತು. ಎದೆ ಉಬ್ಬಿತು. ನನ್ನ ಮಗಳು ಎಲ್ಲಿದ್ದಾಳೆಂದು ಈ ಲೋಕದಲ್ಲಿ ಯಾರಿಗೂ ತಿಳಿಯದು, ನನಗೂ ತಿಳಿಯದು. ಆಮೇಲೆ ಸದ್ದು ನಿಧಾನವಾಗಿ ಕಡಿಮೆಯಾಯಿತು. ಐದು ನಿಮಿಷ ಕಳೆಯಿತು, ಹತ್ತಾಯಿತು. ಬೆಂಚಿನ ಮುಂದೆ ಯಾರದೋ ನಾಯಿ ನಿಂತು ಮೂಸಿ ಮುಂದೆ ಹೋಯಿತು. ಇವರೆಲ್ಲ ಆಟ ಮುಗಿಸಿ ಮನೆಗೆ ಹೋಗಿಬಿಟ್ಟಿದ್ದರೆ? ಕಣ್ಣು ಮಾತ್ರ ತೆರೆಯಲಿಲ್ಲ.